ಬಾಯಿ ಬಿಟ್ಟ ಹೊಲ

ಮಾರ್ಚ್ ಮುಗಿಯುತ್ತಾ ಬಂತೆಂದರೆ ವಿಜಯಪುರದ ಸುತ್ತಿನ ಎರೆಹೊಲಗಳಲ್ಲಿ, ಅಂದರೆ ಕಪ್ಪುಮಣ್ಣಿನ ಹೊಲಗಳಲ್ಲಿ, ತಲೆ ತಗ್ಗಿಸಿಯೇ ನಡೆಯಬೇಕು. ವಿನಯಕ್ಕಲ್ಲ, ಕಾಲು ಸಿಕ್ಕಿಕೊಳ್ಳಬಾರದು ಅಂತ. ಜೋಳ ಕಿತ್ತು, ರಾಶಿ ಮಾಡಿ, ಕಣಿಕೆ ಬಣವೆ ಒಟ್ಟಿ ಎಲ್ಲರೂ ಮನೆ ಸೇರಿದ ಮೇಲೆ ಹೊಲ ಒಂದೇ ಉಳಿಯುತ್ತದೆ. ಬಿಸಿಲು ಏರಿದಂತೆ ಅದರ ಮೈಮೇಲೆ ಸಣ್ಣಗೆ ಗೆರೆ ಮೂಡುತ್ತದೆ. ಆಮೇಲೆ ಗೆರೆ ಅಗಲವಾಗುತ್ತದೆ. ಏಪ್ರಿಲ್ ಹೊತ್ತಿಗೆ ಅಂಗೈ ಆರಾಮವಾಗಿ ಇಳಿಯುವಷ್ಟು ಬಿರುಕು. ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ, ಭುಜದವರೆಗೆ ಹೋಗುತ್ತದೆ, ತಳ ಸಿಗೋದಿಲ್ಲ. ಮೇಲೆ 40 ಡಿಗ್ರಿ ಸುಡುತ್ತಿದ್ದರೂ ಒಳಗೆ ಬೆರಳ ತುದಿಗೆ ತಂಪು ತಾಗುತ್ತದೆ. ಕೈ ಹಾಕಬೇಡಿ ಅಂತ ಮೊದಲೇ ಹೇಳಬೇಕಿತ್ತು. ಚೇಳು ಇರುತ್ತವೆ.

ನಮ್ಮ ಕಡೆಯವರು ಇದಕ್ಕೆ ‘ಹೊಲ ಬಾಯಿ ಬಿಟ್ಟೈತಿ’ ಅನ್ನುತ್ತಾರೆ. ಆ ಬಾಯಿಯೊಳಗೆ ಇಣುಕಿ ನೋಡುವುದೇ ನನ್ನ ನೌಕರಿ. ಅದಕ್ಕೆ ಪಗಾರ ಕೊಡುತ್ತಾರೆ ಅನ್ನೋದನ್ನು ನಮ್ಮ ಓಣಿಯಲ್ಲಿ ಇನ್ನೂ ಕೆಲವರು ನಂಬಿಲ್ಲ.

ಮದುವೆ ಮನೆಗಳಲ್ಲಂತೂ ನನ್ನ ಪರಿಚಯ ಮಾಡಿಸುವವರ ಪಾಡು ನೋಡಬೇಕು. “ಇವ್ರು ಸೈಂಟಿಸ್ಟ್ ಅದಾರ್ರೀ” ಅಂದ ಕೂಡಲೇ ಎದುರಿನವರ ಮುಖ ಅರಳುತ್ತದೆ.

“ಹೌದೇನ್ರೀ? ಇಸ್ರೋದಾಗ?”

“ಇಲ್ರೀ, ಮಣ್ಣಿನಾಗ.”

ಅರಳಿದ ಮುಖವನ್ನು ಒಮ್ಮೆಲೇ ಮುಚ್ಚಿಕೊಳ್ಳೋಕೆ ಆಗಲ್ಲ ಪಾಪ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಅನ್ನಕ್ಕೆ ಸಾರು ಬರುವುದರೊಳಗೆ ಕೇಳುತ್ತಾರೆ: “ಹಂಗಾದ್ರ ನಮ್ಮ ಹೊಲದಾಗ ಬೋರ್ ಎಲ್ಲಿ ಹೊಡಸ್ಬೇಕು ಹೇಳ್ರಲಾ.” ಅದು ನನ್ನ ಕೆಲಸ ಅಲ್ಲ ಅಂದರೆ, “ಮತ್ತ ನೀವ್ ನೋಡೂದರ ಏನು?” ಬಿರುಕು ನೋಡುತ್ತೇನೆ ಅಂತ ಊಟದ ಪಂಕ್ತಿಯಲ್ಲಿ ಕೂತು ಹೇಳೋದು ಕಷ್ಟ. ನಾನು ಸುಮ್ನೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇನೆ.

ಬಿರುಕು ಅಂದರೆ ಬರ ಅಂತಲೇ ಎಲ್ಲರ ಲೆಕ್ಕ. ಪೇಪರಿನವರು ಬರಗಾಲದ ಸುದ್ದಿಗೆ ಹಾಕುವ ಫೋಟೋ ನೋಡಿದ್ದೀರಲ್ಲ: ಒಡೆದ ನೆಲ, ಅದರ ಮೇಲೆ ತಲೆಗೆ ಕೈ ಹೊತ್ತು ಕೂತ ರೈತ. ಆ ಫೋಟೋ ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಎರೆಮಣ್ಣು ಬಿರುಕು ಬಿಡೋದು ಅದರ ಹುಟ್ಟುಗುಣ. ಮಳೆ ಚೆನ್ನಾಗಿ ಆದ ವರ್ಷದ ಬೇಸಿಗೆಯಲ್ಲೂ ಬಿಡುತ್ತದೆ. ಬಿಡದೇ ಇದ್ದರೇ ಚಿಂತೆ ಮಾಡಬೇಕು. ಕಾಲುವೆ ನೀರು ಹರಿದು ಹರಿದು ಒಣಗುವುದನ್ನೇ ಮರೆತ ಎರೆಹೊಲಗಳು ಕೃಷ್ಣಾ ದಂಡೆಯ ಊರುಗಳಲ್ಲಿ ಬೇಕಾದಷ್ಟಿವೆ. ಸವಳು ಜವಳು ಹತ್ತಿ, ಮೇಲೆ ಬೆಳ್ಳಗೆ ಉಪ್ಪು ಕಟ್ಟಿ, ಕಬ್ಬೂ ಬೆಳೆಯದ ಹಾಗಾಗಿವೆ. ಅವುಗಳ ಫೋಟೋ ಯಾರೂ ಹಾಕೋದಿಲ್ಲ, ನೋಡೋಕೆ ಒದ್ದೆಯಾಗಿ ತಂಪಾಗಿ ಕಾಣುತ್ತವಲ್ಲ.

ನಮ್ಮ ಎರೆಯಲ್ಲಿ ಅರ್ಧದಷ್ಟು, ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ, ಜೇಡಿ ಇರುತ್ತದೆ. ಆ ಜೇಡಿಯಲ್ಲಿ ದೊಡ್ಡ ಪಾಲು ಸ್ಮೆಕ್ಟೈಟ್ ಅನ್ನುವ ಖನಿಜ. ಅದು ಹಾಳೆ ಹಾಳೆಯಾಗಿರುತ್ತದೆ. ಒಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕಟಕ ರೊಟ್ಟಿ ನೆನೆಸಿಕೊಳ್ಳಿ. ಒಣಗಿದ್ದಾಗ ಒತ್ತಾಗಿ ಕೂತಿರುತ್ತವೆ. ನೀರು ಬಿತ್ತೋ, ಉಬ್ಬಿ ಬುಟ್ಟಿ ಸಾಲದಾಗುತ್ತದೆ. ಮಣ್ಣಿನಲ್ಲೂ ನೀರು ಎರಡು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಇಡೀ ಹೊಲವೇ ಉಬ್ಬುತ್ತದೆ. ನೀರು ಆರಿದ ಮೇಲೆ ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಬಿರುಕು. ಇಂಥ ಒಂದು ಗ್ರಾಂ ಸ್ಮೆಕ್ಟೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಎರಡೂ ಮಗ್ಗುಲು ಅಳೆದರೆ ಸುಮಾರು 700 ಚದರ ಮೀಟರ್ ಆಗುತ್ತದೆ. 30-40ರ ಆರು ಸೈಟು! ನವನಗರದಲ್ಲಿ ಒಂದು ಸೈಟಿಗೆ ಒದ್ದಾಡುವ ನನ್ನ ಭಾವನಿಗೆ ಇದನ್ನು ಹೇಳಿದೆ. “ಖಾತೆ ಆಗ್ತದೇನು?” ಅಂದ.

ಈ ಮಣ್ಣಿನ ಹಿಂದೆ ಇರೋದು ಬೆಂಕಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಸೀಳಿ ಲಾವಾ ಹರಿಯಿತು. ಪದರದ ಮೇಲೆ ಪದರ ಹರಿದು, ಆರಿ, ಕಪ್ಪು ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಗಾಳಿ, ಮಳೆ, ಬಿಸಿಲಿಗೆ ಕೊಳೆತು ಆದದ್ದು ನಮ್ಮ ಎರೆ. ಕೊಳೆಯದೆ ಉಳಿದದ್ದನ್ನು ಆದಿಲ್‌ಶಾಹಿಗಳು ಕೆತ್ತಿಸಿ ಗೋಳಗುಮ್ಮಟ ಕಟ್ಟಿಸಿದರು. 1656ರಲ್ಲಿ ಮುಗಿದ ಆ ಗುಮ್ಮಟ ನೋಡೋಕೆ ದಿನಾ ಬಸ್ಸುಗಟ್ಟಲೆ ಜನ ಬರುತ್ತಾರೆ. ಅದೇ ಕಲ್ಲಿನ ಮೊಮ್ಮಗನಾದ ಮಣ್ಣನ್ನು ಚಪ್ಪಲಿಯಿಂದ ಕೆರೆದು ಹಾಕಿ ಒಳಗೆ ಹೋಗುತ್ತಾರೆ. ಹೋಗಲಿ ಬಿಡಿ, ಟಿಕೆಟ್ ಇಲ್ಲದ್ದಕ್ಕೆ ಬೆಲೆ ಕಡಿಮೆ.

ಇದರ ಮೇಲೆ ಬೀಳುವ ಮಳೆಯೂ ಕಡಿಮೆಯೇ, ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಬಿರುಕು ತೆರೆದಿದ್ದಾಗ ಬಿದ್ದ ಮಳೆ ನೇರ ಒಳಗೆ ಇಳಿಯುತ್ತದೆ. ಒಂದು ಸಲ ಮಣ್ಣು ಉಬ್ಬಿ ಬಾಯಿ ಮುಚ್ಚಿತೋ, ಆಮೇಲೆ ಎಷ್ಟು ಸುರಿದರೂ ಒಳಗೆ ಬಿಟ್ಟುಕೊಳ್ಳೋದು ತೀರಾ ನಿಧಾನ. ಉಳಿದದ್ದೆಲ್ಲ ಹರಿದು ಹಳ್ಳ ಸೇರುತ್ತದೆ, ಹಳ್ಳಗಳೆಲ್ಲ ಡೋಣಿ ನದಿ ಸೇರುತ್ತವೆ. ಬೇಸಿಗೆಯಲ್ಲಿ ದಾಟಿದರೆ ಪಾದ ಒದ್ದೆಯಾಗದ ಡೋಣಿ ಮಳೆಗಾಲದಲ್ಲಿ ರಾತ್ರೋರಾತ್ರಿ ಸೇತುವೆ ಮೇಲೆ ಹರಿಯುವುದು ಹೀಗೆ. ಡೋಣಿ ಹರಿದರೆ ಓಣಿ ತುಂಬ ಜೋಳ ಅಂತ ಹಿರಿಯರು ಹೇಳುತ್ತಿದ್ದರು. ಹೊಲ ಹೊಟ್ಟೆ ತುಂಬಾ ಕುಡಿದಾದ ಮೇಲೇ ತಾನೇ ಡೋಣಿಗೆ ನೀರು ಬರೋದು? ಒಂದು ಮೀಟರ್ ಆಳದ ಒಳ್ಳೇ ಎರೆ ಹೆಚ್ಚುಕಡಿಮೆ 200 ಮಿಲಿಮೀಟರ್ ನೀರನ್ನು ಬೆಳೆಗೆ ಅಂತ ಹಿಡಿದಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಒಂದು ಹನಿ ಬೀಳದಿದ್ದರೂ ಆ ಠೇವಣಿಯ ಮೇಲೇ ತೆನೆ ಕಟ್ಟುತ್ತದೆ.

ಇದನ್ನೆಲ್ಲ ನಾನು ಕಂಡುಹಿಡಿದದ್ದಲ್ಲ. 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆಗೆ ಅಂತ ದೇಶದಲ್ಲಿ ಐದು ಕೇಂದ್ರ ತೆರೆದರು: ರೋಹ್ತಕ್, ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು. ಐದರಲ್ಲಿ ನಮ್ಮದೂ ಒಂದು ಅನ್ನೋದು ಹೆಮ್ಮೆಯೋ, ನಮ್ಮ ಮಳೆಯ ಹಣೆಬರಹಕ್ಕೆ ಸಿಕ್ಕ ಸರ್ಟಿಫಿಕೇಟೋ, ನೀವೇ ಹೇಳಿ. ಒಡ್ಡು ಹಾಕೋದು, ಬೀಜ ತೆಳುವಾಗಿ ಬಿತ್ತೋದು, ಸಾಲು ಅಗಲ ಬಿಡೋದು, ಮೇಲಿಂದ ಮೇಲೆ ಎಡೆ ಹೊಡೆಯೋದು, ಇವೆಲ್ಲ ಆಗಿನಿಂದ ಪುಸ್ತಕದಲ್ಲಿವೆ. ನಮ್ಮ ಮುತ್ಯಾ ಪುಸ್ತಕ ಓದಿದವನಲ್ಲ. ಆದರೆ ಜೋಳ ಮೊಣಕಾಲುದ್ದ ಆಗುತ್ತಲೇ ಎತ್ತು ಹೂಡಿ ಎಡೆಕುಂಟೆ ಹೊಡೆಯುತ್ತಿದ್ದ. ಕುಂಟೆಯ ಕುಡ ಹರಿದ ಕಡೆ ಮೇಲ್ಮಣ್ಣು ಪುಡಿಯಾಗಿ ಬಿರುಕಿನೊಳಗೆ ಜರಿದು ಬಾಯಿ ಮುಚ್ಚುತ್ತಿತ್ತು. ಅಷ್ಟರಮಟ್ಟಿಗೆ ಒಳಗಿನ ನೀರು ಹೊರಗೆ ಹಾರೋದು ನಿಲ್ಲುತ್ತಿತ್ತು. ಮುತ್ಯಾ ಮುಚ್ಚುತ್ತಿದ್ದ ಬಿರುಕನ್ನೇ ಮೊಮ್ಮಗ ತೆರೆದಿಟ್ಟು ಅಳೆಯುತ್ತಾನೆ. ನಮ್ಮ ಮನೆತನದಲ್ಲಿ ಆದ ಪ್ರಗತಿ ಇಷ್ಟು.

ಅಳೆಯೋದು ಹೇಗೆ ಅಂತೀರಾ? ಅಗಲಕ್ಕೆ ಸ್ಕೇಲು. ಆಳಕ್ಕೆ ಗುರುತು ಹಾಕಿದ ತೆಳು ತಂತಿ. ಒಟ್ಟು ಗಾತ್ರ ಬೇಕಾದರೆ ಒಣ ಉಸುಕು ಸುರಿದು ಎಷ್ಟು ಹಿಡಿಯಿತು ನೋಡೋದು. ಇಷ್ಟಕ್ಕೆ ಪಿಎಚ್‌ಡಿ ಬೇಕಾ ಅಂತ ನನ್ನ ಮಗಳು ಕೇಳುತ್ತಾಳೆ. ಬೇಸಿಗೆ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೋಗಿ ತಂತಿ ಹಿಡಿಯೋಕೆ ಹಚ್ಚಿದ್ದೆ. ಟೋಪಿ ಹಾಕಿ, ಮುಖಕ್ಕೆ ಏನೇನೋ ಬಳಿದುಕೊಂಡು ಬಂದಿದ್ದಳು. ಅರ್ಧ ತಾಸು ಗೊಣಗಿದ ಮೇಲೆ ಕೇಳಿದಳು: “ಅಪ್ಪಾ, ಹೋದ ವರ್ಷ ಅಳೆದದ್ದು ಇದೇ ಬಿರುಕಾ?” ಕೆಲವು ಅದೇ ಜಾಗದಲ್ಲಿ ತೆರೆಯುತ್ತವೆ, ಉಳುಮೆ ಆದ ಕಡೆ ಜಾಗ ಬದಲಿಸುತ್ತವೆ. ಹಾಗಾದರೆ ಹೋದ ವರ್ಷದ್ದು ಎಲ್ಲಿಗೆ ಹೋಯಿತು? ನಮ್ಮ ಸೆಮಿನಾರುಗಳಲ್ಲಿ ಇಂಥ ಪ್ರಶ್ನೆ ಕೇಳುವವರು ಕಡಿಮೆ. ಅಲ್ಲಿ ಹೆಚ್ಚಾಗಿ ಕೇಳೋದು, ಊಟದ ಕೂಪನ್ ಎಲ್ಲಿ ಕೊಡ್ತಾರೆ ಅಂತ.

ಸಂಶೋಧನೆ ಅಂದರೆ ದೂರದಿಂದ ಬಹಳ ಚೆಂದ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದರಲ್ಲಿ ಹೆಚ್ಚಿನ ಪಾಲು ಚೀಟಿ ಬರೆಯೋದು. ಊರಲ್ಲಿ ಪ್ರತಿ ಹೊಲಕ್ಕೂ ಹೆಸರಿದೆ: ಬನ್ನಿಗಿಡದ ಹೊಲ, ಹಳ್ಳದ ಹೊಲ, ಸಾಲಕ್ಕೆ ಹೋಗಿ ಮರಳಿ ಬಂದ ‘ತಿರುಗಿ ಬಂದ ಪಟ್ಟಿ’. ಅಲ್ಲಿಂದ ಒಂದು ಕಿಲೋ ಮಣ್ಣು ಚೀಲಕ್ಕೆ ಬಿದ್ದ ಕೂಡಲೇ ಹೆಸರು ಹೋಗಿ ನಂಬರ್ ಬರುತ್ತದೆ. ನೆರಳಲ್ಲಿ ಒಣಗಿಸಿ, ಮರದ ಕೊಡತಿಯಿಂದ ಕುಟ್ಟಿ, 2 ಮಿಲಿಮೀಟರ್ ಜರಡಿಯಲ್ಲಿ ಸೋಸುತ್ತೇವೆ. ಕೆಳಗೆ ಬಿದ್ದದ್ದು ಪರೀಕ್ಷೆಗೆ. ಮೇಲೆ ಉಳಿದ ಹರಳು, ಬೇರು, ಜೋಳದ ಕೂಳೆ, ಯಾರದೋ ಬಳೆಚೂರು ಹೊರಗೆ. ಹಾಗಂತ ನಿಯಮ. ಒಲೆಯಲ್ಲಿ 105 ಡಿಗ್ರಿಗೆ ಒಂದು ದಿನ ಇಟ್ಟು ತೇವ ಲೆಕ್ಕ ಹಾಕುತ್ತೇವೆ. 6.6 ಕೋಟಿ ವರ್ಷದ ಕಲ್ಲಿನಿಂದ ಬಂದ ಮಣ್ಣನ್ನು ಅರ್ಥ ಮಾಡಿಕೊಳ್ಳೋಕೆ ಪ್ರಾಜೆಕ್ಟು ಮೂರು ವರ್ಷದ್ದು, ಅದರಲ್ಲಿ ಮೊದಲನೇ ವರ್ಷ ಟೆಂಡರಿಗೆ ಹೋಗುತ್ತದೆ. ಇನ್ನು ಬಿರುಕು ಭರ್ತಿ ತೆರೆದು ಅಳೆಯೋಕೆ ಸರಿಯಾದ ಹೊತ್ತು ಯಾವುದು ಗೊತ್ತಾ? ಮಾರ್ಚ್ ಕೊನೆ. ಅದೇ ಹೊತ್ತಿಗೆ ಲೆಕ್ಕಪತ್ರದ ವಿಭಾಗವೂ ಬಾಯಿ ಬಿಡುತ್ತದೆ. ಖರ್ಚಿನ ಪ್ರಮಾಣಪತ್ರ 31ರೊಳಗೆ ಬೇಕು. ನಾನು ಹೊಲದಲ್ಲಿ ಬೋರಲು ಬಿದ್ದು ತಂತಿ ಇಳಿಸುತ್ತಿರುವಾಗ ಫೋನು: “ಸರ್, ಆ ಉಸುಕಿಗೆ ಜಿಎಸ್‌ಟಿ ಬಿಲ್ ಇಲ್ಲ.”

ಒಮ್ಮೆ ಒಂದು ಪ್ರಬಂಧ ಕಳಿಸಿದ್ದೆ. ಈ ಜಾಗವನ್ನೇ ಯಾಕೆ ಆರಿಸಿಕೊಂಡಿರಿ, ವಿವರಿಸಿ ಅಂತ ವಿಮರ್ಶಕರ ಟಿಪ್ಪಣಿ ಬಂತು. ಈ ಭಾಗದ ಆಳವಾದ ಎರೆಮಣ್ಣಿಗೆ ಇದು ಮಾದರಿ ಅಂತ ಬರೆದೆ. ಸುಳ್ಳೇನಲ್ಲ. ಆದರೆ ಅದು ನಮ್ಮ ಮನೆತನದ ಹೊಲ, ಕಾಕಾ ಬಾಡಿಗೆ ಕೇಳುವುದಿಲ್ಲ, ಚಿಗವ್ವ ಮಧ್ಯಾಹ್ನ ಬುತ್ತಿ ಕಳಿಸುತ್ತಾಳೆ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯೋದು?

ಆ ಹೊಲಕ್ಕೂ ನಮ್ಮ ಮನೆಗೂ ಇನ್ನೊಂದು ಲೆಕ್ಕ ಬಾಕಿ ಇದೆ, ಆಯಿಯ, ಅಂದರೆ ನಮ್ಮ ಅಜ್ಜಿಯ, ಬುಗಡಿದು. ನಾನು ಹುಟ್ಟುವ ಮೊದಲಿನ ಮಾತು. ಆಯಿ ಹತ್ತಿ ಬಿಡಿಸೋಕೆ ಹೋಗಿದ್ದಳು. ಕಿವಿ ನೋಯುತ್ತದೆ ಅಂತ ಒಂದು ಬುಗಡಿ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಟು ಬಿಚ್ಚಿತು. ಬುಗಡಿ ನೆಲಕ್ಕೆ ಬಿತ್ತು, ಒಮ್ಮೆ ಮಿಂಚಿತು, ಬಿರುಕಿನೊಳಗೆ ಜಾರಿತು. ಮುತ್ಯಾ ಕಟ್ಟಿಗೆ ಹಾಕಿ ಕೆದರಿದ. ಅದು ಇನ್ನೂ ಕೆಳಗೆ ಹೋಯಿತು. ಬಾಜೂ ಹೊಲದವರು ಬಂದು, ನೀರು ಹಾಕ್ರಿ, ಮ್ಯಾಲ ತೇಲಿ ಬರ್ತದ ಅಂದರಂತೆ. ಬಂಗಾರ ತೇಲುತ್ತದೆಯೇ ಅಂತ ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಬಾವಿಯಿಂದ ಕೊಡದ ಮೇಲೆ ಕೊಡ ತಂದು ಸುರಿದರು. ಬಿರುಕು ಗಟಗಟ ಕುಡಿಯಿತು. ಕುಡಿದು ಉಬ್ಬಿತು. ಉಬ್ಬಿ ಬಾಯಿ ಮುಚ್ಚಿತು. ಮರುದಿನ ಅಲ್ಲಿ ಬಿರುಕು ಇತ್ತು ಅನ್ನೋದಕ್ಕೇ ಗುರುತಿರಲಿಲ್ಲ. ಉಳಿದ ಒಂದು ಬುಗಡಿಯನ್ನು ಆಯಿ ಕೊನೆವರೆಗೂ ಒಂದೇ ಕಿವಿಗೆ ಹಾಕಿಕೊಂಡಳು. ಕೇಳಿದರೆ, “ಇನ್ನೊಂದ ಹೊಲ ಹಾಕ್ಕೊಂಡೈತಿ” ಅನ್ನುತ್ತಿದ್ದಳು.

ನಾನು ಮಣ್ಣು ಓದೋಕೆ ಹೊರಟಾಗ ಇಡೀ ಮನೆ ಖುಷಿಪಟ್ಟದ್ದಕ್ಕೆ ಇದೇ ಕಾರಣವಿರಬೇಕು ಅಂತ ನನಗೆ ಅನುಮಾನ. ಓದು ಮುಗಿದ ಮೇಲೆ ನಾನು ಹೇಳಿದ್ದು ಕೇಳಿ ಅವರಿಗೆ ಆಸೆ ಇನ್ನೂ ಜಾಸ್ತಿಯಾಯಿತು. ಎರೆಮಣ್ಣು ಒಂದು ಕಡೆ ಕೂರುವ ಮಣ್ಣಲ್ಲ. ಬೇಸಿಗೆಯಲ್ಲಿ ಮೇಲಿನ ಮಣ್ಣು ಬಿರುಕಿಗೆ ಜರಿಯುತ್ತದೆ. ಮಳೆಗಾಲದಲ್ಲಿ ಆ ಒಳಗಿನ ಮಣ್ಣು ಉಬ್ಬಿದಾಗ ಅದಕ್ಕೆ ಮೊದಲಿನಷ್ಟು ಜಾಗ ಇರುವುದಿಲ್ಲ. ಆಗ ಪಕ್ಕದ್ದನ್ನು ಒತ್ತುತ್ತದೆ, ಮೇಲಕ್ಕೆ ನೂಕುತ್ತದೆ. ಹೀಗೆ ಶತಮಾನಗಟ್ಟಲೆ ಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತಾ ಇರುತ್ತದೆ. ಕೆಳಗಿದ್ದ ಕಲ್ಲು ಹರಳು ಮೇಲೆ ಬರುತ್ತವೆ, ಮೇಲಿದ್ದದ್ದು ಕೆಳಗೆ ಹೋಗುತ್ತದೆ. ಇಂಥ ನೆಲದಲ್ಲಿ ಅಗೆಯುವ ಪ್ರಾಚ್ಯವಸ್ತು ತಜ್ಞರು ತಲೆ ಚಚ್ಚಿಕೊಳ್ಳುತ್ತಾರೆ. ಮಡಕೆ ಚೂರು ಸಿಕ್ಕ ಆಳವನ್ನೇ ನಂಬಿ ಅದರ ಕಾಲ ಹೇಳುವ ಹಾಗಿಲ್ಲ.

“ಅಂದ್ರ ಬುಗಡಿ ಮ್ಯಾಲ ಬರ್ತದ” ಅಂದಳು ಚಿಗವ್ವ.

“ಬರಬಹುದು.”

“ಯಾವಾಗ?”

“ಸಾವಿರ ವರ್ಷಕ್ಕ ಬಂದ್ರೂ ಬರಬಹುದು ಚಿಗವ್ವ.”

“ನಿಮ್ಮ ಸೈನ್ಸು ಭಾಳ ಚೊಲೋ ಐತಿ” ಅಂದು ಒಳಗೆ ಹೋದಳು.

‘ನನ್ನ ಬೇರು ಹಳ್ಳಿಯಲ್ಲಿದೆ’ ಅಂತ ಸನ್ಮಾನ ಸಮಾರಂಭಗಳಲ್ಲಿ ಹೇಳುವವರನ್ನು ಕಂಡರೆ ನನಗೆ ಕೇಳಬೇಕೆನಿಸುತ್ತದೆ: ಯಾವ ಮಣ್ಣಿನಲ್ಲಿ? ಮಸಾರಿ, ಅಂದರೆ ಕೆಂಪುಮಣ್ಣಾದರೆ ಸರಿ, ಬೇರು ಇಟ್ಟ ಕಡೆ ಇರುತ್ತದೆ. ಎರೆಯಲ್ಲಿ ಆ ಭರವಸೆ ಇಲ್ಲ. ಗುಂಡಿಯ ಗೋಡೆಯಲ್ಲಿ ಜೋಳದ ಬೇರು ನೋಡಿದ್ದೇನೆ. ಹೆಂಟೆಯೊಳಗೆ ಹೊಗಲಾರದೆ ಎರಡು ಹೆಂಟೆಗಳ ಸಂದಿಯಲ್ಲಿ ಅಪ್ಪಚ್ಚಿಯಾಗಿ, ದಾರದಂತಿರಬೇಕಾದದ್ದು ಪಟ್ಟಿಯಾಗಿ ಇಳಿದಿರುತ್ತದೆ. ಬಿರುಕು ಬಿಟ್ಟ ಕಡೆ ಪಟ್ಟನೆ ಹರಿದಿರುತ್ತದೆ. ಒಂದು ತುದಿ ಈ ಗೋಡೆಯಲ್ಲಿ, ಇನ್ನೊಂದು ತುದಿ ಆ ಗೋಡೆಯಲ್ಲಿ. ಆ ಹೊತ್ತಿಗೆ ತೆನೆ ಬಲಿತಿರುತ್ತದೆ, ಹಾಗಾಗಿ ಜೋಳಕ್ಕೆ ದೊಡ್ಡ ನಷ್ಟವಿಲ್ಲ. ನಮ್ಮವರು ಹಿಂಗಾರಿ ಜೋಳವನ್ನು ಬೇರು ಸಮೇತ ಕಿತ್ತೇ ತೆಗೆಯುತ್ತಾರೆ. ಉಳಿದಂತೆ ಗಟ್ಟಿಯಾಗಿ ನಿಂತ ಮರ ಅಂದರೆ ಬದುವಿನ ಮೇಲಿನ ಒಂದು ಬನ್ನಿ, ಹಳ್ಳದ ಕಡೆ ನಾಲ್ಕಾರು ಜಾಲಿ.

ನಮ್ಮ ಮನೆತನವೂ ಹಾಗೇ. ಸೋದರತ್ತೆಯ ಮಕ್ಕಳು ಇಚಲಕರಂಜಿಯ ಮಗ್ಗಗಳಿಗೆ ಹೋದರು. ಒಬ್ಬ ಕಾಕಾನ ಮಗ ಗೋವಾದಲ್ಲಿ ಗೌಂಡಿ. ಅಪ್ಪ ಮಾಸ್ತರಿಕೆ ಅಂತ ಊರೂರು ಸುತ್ತಿದ. ಒಂದು ಬರ ಬಂದಾಗ ಒಬ್ಬರು ಕಳಚಿಕೊಂಡರೆ, ಒಳ್ಳೇ ಹಿಂಗಾರಿ ಬಂದ ವರ್ಷ ಮತ್ತೊಬ್ಬರು ಮರಳಿ ಬಂದರು. ಒಂದೇ ಕಡೆ ಊರಿ ಕೂತವರು ಅಂತ ಯಾರೂ ಇಲ್ಲ, ಪೂರ್ತಿ ಬಿಟ್ಟುಹೋದವರೂ ಇಲ್ಲ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲೋಕೆ ಎಲ್ಲರೂ ಅದೇ ಬನ್ನಿಗಿಡದ ಬುಡಕ್ಕೆ ಬರುತ್ತಾರೆ. ಬಂದವರಲ್ಲಿ ಒಬ್ಬರಾದರೂ ಕಾಲ ಕೆಳಗೆ ಕಣ್ಣಾಡಿಸುತ್ತಾರೆ. ಬುಗಡಿ ಕಂಡೀತು ಅಂತ.

ಅಪ್ಪ, ಕಾಕಾ ಹಿಸ್ಸೆ ಮಾಡಿಕೊಂಡಾಗ ಬದು ಹೆಚ್ಚುಕಡಿಮೆ ಬುಗಡಿ ಬಿದ್ದ ಜಾಗದ ಮೇಲೇ ಹಾದುಹೋಯಿತು. ಅಂದಿನಿಂದ ಅದು ಯಾರ ಪಾಲಿನದು ಅನ್ನೋದು ತೀರ್ಮಾನವಾಗಿಲ್ಲ. ನಮ್ಮ ಪಾಲನ್ನೂ ಲಾವಣಿಗೆ, ಅಂದರೆ ಗೇಣಿಗೆ, ಕಾಕಾನೇ ಮಾಡುತ್ತಾನೆ. ಜೋಳದ ಲೆಕ್ಕದಲ್ಲಿ ತಕರಾರಿಲ್ಲ. ಬುಗಡಿ ಮಾತು ಬಂದರೆ ಮಾತ್ರ ಇಬ್ಬರ ದನಿಯೂ ಏರುತ್ತದೆ.

ಹೀಗಿರುವಾಗ ನಾನು ಆ ಹೊಲದಲ್ಲಿ ಗುಂಡಿ ತೋಡಿಸಿದೆ. ಮಣ್ಣಿನ ಪದರ ನೋಡೋಕೆ ಆಳುದ್ದ ಗುಂಡಿ ಬೇಕೇ ಬೇಕು. ಜೆಸಿಬಿ ಬಂತು. ಅದರ ಹಿಂದೆ ಊರೂ ಬಂತು. ನಮ್ಮ ಕಡೆ ಯಾರಾದರೂ ಆಳವಾಗಿ ಅಗೆದರೆ ಜನ ಮೊದಲು ಯೋಚಿಸೋದು ಬಾವಿಯಲ್ಲ, ನಿಧಿ. ಆದಿಲ್‌ಶಾಹಿಯವರು ಹೂತಿಟ್ಟ ಬಂಗಾರ ಇಡೀ ಜಿಲ್ಲೆಯ ಜನರ ನೆನಪಲ್ಲಿ ಭದ್ರವಾಗಿದೆ. ಗುಂಡಿ ಸುತ್ತ ಜನ ಕೂತರು. ಎಲೆ ಅಡಿಕೆ ಓಡಾಡಿತು. ನಾನು ಚಾಕು ಹಿಡಿದು ಗೋಡೆ ಕೆರೆದು ಸಮ ಮಾಡಿದೆ. ಬಣ್ಣದ ಪುಸ್ತಕ ತೆಗೆದೆ. ಮನ್ಸೆಲ್ ಅನ್ನುವ ಆ ಪುಸ್ತಕದಲ್ಲಿ ಸಣ್ಣ ಸಣ್ಣ ಬಣ್ಣದ ಚೌಕಗಳಿರುತ್ತವೆ. ಒದ್ದೆ ಮಣ್ಣಿನ ತುಣುಕನ್ನು ಪಕ್ಕದಲ್ಲಿಟ್ಟು ಹೋಲುವ ಚೌಕ ಹುಡುಕಬೇಕು. 10 ವೈಆರ್ 3/1, ಅಂದರೆ ಕಡು ಬೂದು. ಕಪ್ಪು ಮಣ್ಣು ಕಪ್ಪಲ್ಲ ಅಂದರೆ ಊರವರು ಒಪ್ಪುತ್ತಾರಾ? “ಮನಿಗೆ ಬಣ್ಣ ಹಚ್ಚಸಾಂವ ಅದಾನೇನ?” ಅಂತ ಒಬ್ಬರು ಕೇಳಿದರು. “ಸಣ್ಣಾಂವ ಇದ್ದಾಗ ಮಣ್ಣ ತಿಂತಿದ್ದ, ಈಗ ಪಗಾರ ತಗೊಂಡ ತಿಂತಾನ” ಅಂದ ಕಾಕಾ.

ಎದೆಮಟ್ಟದ ಆಳದಲ್ಲಿ ಸುಣ್ಣದ ಹರಳು ಶುರುವಾದವು. ಒಂದನ್ನು ಅಂಗೈಯಲ್ಲಿಟ್ಟು ಮೇಲೆ ತೆಳು ಆಮ್ಲದ ಹನಿ ಬಿಟ್ಟೆ. ಸರ್ರನೆ ನೊರೆ ಬಂತು. ಗುಂಡಿ ಅಂಚಿನಲ್ಲಿ ಕೂತಿದ್ದ ಚಿಗವ್ವ, “ಯವ್ವಾ, ಕಲ್ಲು ಉಸರ ಬಿಡಾಕತ್ತೈತಿ!” ಅಂದಳು. ಬಿಟ್ಟದ್ದು ಇಂಗಾಲದ ಡೈಆಕ್ಸೈಡ್, ಮಾತು ತೀರಾ ತಪ್ಪೇನಲ್ಲ. ಅದಕ್ಕೂ ಸ್ವಲ್ಪ ಕೆಳಗೆ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಚಾಕು ತುದಿ ತೂರಿಸಿ ಹಗುರಾಗಿ ಮೀಟಿದೆ. ದೊಡ್ಡ ಹೆಂಟೆಯೊಂದು ಗೋಡೆಯಿಂದ ಕಳಚಿ ಬಂತು. ಅದು ಬಿಟ್ಟ ಜಾಗ ಓರೆಯಾಗಿ, ನುಣ್ಣಗೆ, ಹೊಳೆಯುತ್ತಿತ್ತು. ಉದ್ದಕ್ಕೂ ಸಣ್ಣ ಸಣ್ಣ ಗೀರು. ಕಾಕಾ ಕೆಳಗಿಳಿದು ಬಂದು ಹೆಬ್ಬೆರಳಿನಿಂದ ಸವರಿದ.

“ಇದನ್ನ ಯಾರ್ ತಿಕ್ಕ್ಯಾರ?”

“ಯಾರೂ ಇಲ್ಲ. ಮಣ್ಣ ಉಬ್ಬಿದಾಗ ಇದು ಅದರ ಮ್ಯಾಲ ಜಾರತೈತಿ. ವರ್ಷಾ ವರ್ಷಾ ಜಾರಿ ಜಾರಿ ಹಿಂಗ ಆಗೈತಿ.”

ಕಾಕಾ ಬಹಳ ಹೊತ್ತು ಅದನ್ನು ಸವರುತ್ತಲೇ ಇದ್ದ. ಹುಟ್ಟಿದಾಗಿನಿಂದ ಉತ್ತ ಹೊಲ, ಅದರ ಹೊಟ್ಟೆಯೊಳಗೆ ಹೀಗೆ ಕನ್ನಡಿ ಇರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ನನಗೂ ಆ ಕ್ಷಣಕ್ಕೆ ಮೂರು ವರ್ಷದ ಪ್ರಾಜೆಕ್ಟು, ಜಿಎಸ್‌ಟಿ ಬಿಲ್ಲು ಎಲ್ಲ ಮರೆತೇ ಹೋಗಿತ್ತು. ಪ್ರತಿಸಲ ಹೀಗೇ ಆಗುತ್ತದೆ. ಗೊತ್ತಿರೋದೇ, ಪಾಠ ಮಾಡೋದೇ, ಆದರೂ ಹೆಂಟೆ ಕಳಚಿ ಆ ಹೊಳಪು ಕಂಡರೆ ಒಳಗೆ ಏನೋ ಕುಣಿಯುತ್ತದೆ.

“ಜಾರತೈತಿ ಅಂದ್ಯಲಾ” ಕಾಕಾ ತಲೆ ಎತ್ತಿದ. “ಈ ಕಡಿಂದ ಆ ಕಡೆ?”

“ಹೌದು.”

“ಅಂದ್ರ ಬದುವಿನ ಆ ಕಡಿದು ಈ ಕಡೆ ಬರ್ತದ.”

ಮೇಲೆ ಕೂತವರೆಲ್ಲ ಎಲೆ ಅಡಿಕೆ ಅಗಿಯೋದು ನಿಲ್ಲಿಸಿದರು. ಅಷ್ಟು ದೂರ ಸರಿಯುವುದಿಲ್ಲ, ಜಾರುವುದು ಬಹಳ ಸಣ್ಣ ಅಳತೆಯಲ್ಲಿ, ಹೋದದ್ದು ಮತ್ತೆ ಹಿಂದೆ ಬರಲೂಬಹುದು ಅಂತೆಲ್ಲ ಹೇಳಿದೆ. ಅದು ತಮ್ಮ ಪಾಲು ಬಿಟ್ಟುಕೊಡಲು ಒಲ್ಲದ ಅಣ್ಣನ ಮಗನ ಮಾತಾಗಿ ಕೇಳಿಸಿತೇ ಹೊರತು ವಿಜ್ಞಾನಿಯ ಮಾತಾಗಿ ಅಲ್ಲ.

ಸಂಜೆ ಗುಂಡಿ ಮುಚ್ಚಿಸಿದೆವು. ತೆಗೆದ ಮಣ್ಣಷ್ಟನ್ನೂ ಹಾಕಿದರೂ ಮೇಲೆ ದಿಬ್ಬ ಉಳಿಯಿತು. ಅಗೆದ ಮಣ್ಣು ಸಡಿಲವಾಗಿ ಜಾಗ ಜಾಸ್ತಿ ಹಿಡಿಯುತ್ತದೆ, ಮಳೆಯಾದರೆ ಕೂರುತ್ತದೆ. ಊರಿನ ಲೆಕ್ಕ ಬೇರೆ. ಏನಾದರೂ ತೆಗೆದಿದ್ದರೆ ತಗ್ಗು ಬೀಳಬೇಕು. ದಿಬ್ಬ ಬಿದ್ದಿದೆ ಅಂದರೆ ಇವರು ಏನೋ ಒಳಗೆ ಇಟ್ಟು ಮುಚ್ಚಿದ್ದಾರೆ. ಕೆಲವು ದಿನ ರಾತ್ರಿ ಹೊತ್ತು ಹೊಲದ ಕಡೆ ಬ್ಯಾಟರಿ ಬೆಳಕು ಓಡಾಡಿತು ಅಂತ ಕಾಕಾ ಫೋನಿನಲ್ಲಿ ಹೇಳಿದ. ಕಾಯೋಕೆ ಹೋದವನು ಅವನೊಬ್ಬನೇ ಆಗಿರಲಿಲ್ಲವಂತೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಚೆನ್ನಾಗಿ ಮಳೆಯಾಯಿತು. ದಿಬ್ಬ ಕೂತಿತು. ಕಾಕಾ ಮಾಲದಂಡಿ ಜೋಳ ಬಿತ್ತಿದ. ನವೆಂಬರಿನಿಂದ ನನ್ನ ವಾಟ್ಸಾಪಿಗೆ ಫೋಟೋ ಬರೋಕೆ ಶುರುವಾದವು. ಬರೀ ಫೋಟೋ, ಮಾತಿಲ್ಲ. ಸುತ್ತ ಹಚ್ಚಗಿನ ಜೋಳ, ನಡುವೆ ಗುಂಡಿ ಇದ್ದಷ್ಟೇ ಅಳತೆಯ ಜಾಗದಲ್ಲಿ ಹಳದಿ ಜೋಳ. ಮುಂದಿನ ವಾರ ಅದೇ ಜಾಗ, ಇನ್ನೂ ಹತ್ತಿರದಿಂದ. ಅದರ ಮುಂದಿನ ವಾರ ಒಂದೇ ಎಲೆ: ನರ ಹಸಿರು, ನಡುವೆಲ್ಲ ಹಳದಿ. ಎಷ್ಟೇ ಜೋಪಾನವಾಗಿ ಮುಚ್ಚಿದರೂ ಕೆಳಗಿನ ಸುಣ್ಣದ ಮಣ್ಣು ಸ್ವಲ್ಪ ಮೇಲೆ ಬಂದೇ ಬರುತ್ತದೆ. ಸುಣ್ಣ ಜಾಸ್ತಿ ಇದ್ದ ಕಡೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೆಳೆಗೆ ಸಿಗೋದಿಲ್ಲ, ಎಳೆ ಎಲೆ ಹೀಗೆ ಬಿಳಿಚುತ್ತದೆ. ಪರೀಕ್ಷೆಗೆ ಕೇಳುವಷ್ಟು ಸ್ಪಷ್ಟ ಉದಾಹರಣೆ. ಫೋಟೋವನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸಿದೆ. ಕಾಕಾನಿಗೆ ಫೋನ್ ಮಾಡಿ, ಫೆರಸ್ ಸಲ್ಫೇಟ್ ತಂದು ಲೀಟರ್ ನೀರಿಗೆ 5 ಗ್ರಾಂ ಹಾಕಿ ಎಲೆ ಮೇಲೆ ಸಿಂಪಡಿಸು ಅಂದೆ.

“ಯಾರ ಖರ್ಚು?” ಅಂದ.

ಫೋನ್‌ಪೇ ಮಾಡಿದೆ. ಬಿಲ್ ಕಳಿಸು ಅಂತಲೂ ಹೇಳಿದ್ದೇನೆ, ಮಾರ್ಚಿಗೆ ಬೇಕಾಗುತ್ತದೆ.